ಯಾರ ಯಕೃತ್ತಿಗೆ ಈ ಗುಗ್ಗುಳ?

(ದತ್ತಿ ಉಪನ್ಯಾಸದ ಲಿಖಿತ ರೂಪ)



ನಿರೂಪಕರು ಇವತ್ತಿನ ವಿಷಯವನ್ನು ಓದಿದಾಗ ಮುಂದಿನ ಸಾಲಿನಲ್ಲಿ ಕೂತ ಹಿರಿಯರೊಬ್ಬರು ಪಕ್ಕದವರ ಕಡೆ ಬಾಗಿ, "ಮರಳುಗಾಡಿನ ಗಿಡಕ್ಕೂ ಸ್ಟೆಮ್ ಸೆಲ್ಲಿಗೂ ಏನ್ರೀ ಸಂಬಂಧ?" ಎಂದದ್ದು ನನ್ನ ಕಿವಿಗೂ ಬಿತ್ತು. ಕೇಳಬೇಕಾದ್ದೇ. ಉತ್ತರ ಕೊಡಲು ನಾನು ಸ್ವಲ್ಪ ಸುತ್ತು ಹೊಡೆಯುತ್ತೇನೆ, ಬೇಸರಿಸಬೇಡಿ. ಸುತ್ತು ಶುರುವಾಗುವುದು ಒಂದು ಮದುವೆ ಮನೆಯಿಂದ.

ನಮ್ಮ ಕಡೆ ವೀರಭದ್ರನ ಒಕ್ಕಲಿನವರ ಮನೆಯಲ್ಲಿ ಮದುವೆಯಾದರೆ ಗುಗ್ಗಳದ ಮೆರವಣಿಗೆ ಹೊರಡಲೇಬೇಕು. ಪುರವಂತರು ಕೈಯಲ್ಲಿ ಖಡ್ಗ ಹಿಡಿದು, ಗೆಜ್ಜೆ ಕಟ್ಟಿ, ಒಡಪು ಹೇಳುತ್ತ ಮುಂದೆ ಕುಣಿಯುತ್ತಾರೆ. ಹಿಂದೆ ಮಣ್ಣಿನ ಕೊಡಗಳಲ್ಲಿ ಬೆಂಕಿ ಉರಿಯುತ್ತಿರುತ್ತದೆ. ಆ ಬೆಂಕಿಗೆ ಆಗಾಗ ಒಂದು ಚಿಟಿಕೆ ಅಂಟು ಬೀಳುತ್ತದೆ, ದಟ್ಟನೆಯ ಹೊಗೆ ಏಳುತ್ತದೆ. ಹುಡುಗನಾಗಿದ್ದಾಗ ಆ ಹೊಗೆ ಅಂಗಿಗೆ ಹತ್ತಿದರೆ ಎರಡು ಒಗೆತಕ್ಕೂ ಹೋಗುತ್ತಿರಲಿಲ್ಲ. ಮೆರವಣಿಗೆಗೇ ಆ ಅಂಟಿನ ಹೆಸರು ನಿಂತಿದೆ: ಗುಗ್ಗುಳ. ಅದು ಎಲ್ಲಿಂದ ಬರುತ್ತದೆ ಎಂದು ನಾನು ಕೇಳಿದ್ದು ಮೂವತ್ತು ವರ್ಷ ದಾಟಿದ ಮೇಲೆ.

ಶಾಸ್ತ್ರದ ಗುಗ್ಗುಳದ ತವರು ಥಾರ್ ಮರುಭೂಮಿ, ಕಛ್, ಸೌರಾಷ್ಟ್ರದ ಕಲ್ಲುಗುಡ್ಡಗಳು, ಗಡಿಯಾಚೆಯ ಸಿಂಧ್. ಸಸ್ಯಶಾಸ್ತ್ರದಲ್ಲಿ ಇದು ಕಾಮಿಫೊರಾ ವೈಟಿಐ. ಮದರಾಸು ಸೀಮೆಯಲ್ಲಿ ಗಿಡಗಳ ಬೆನ್ನು ಹತ್ತಿ ತಿರುಗಿದ ಸ್ಕಾಟ್ಲೆಂಡಿನ ವೈದ್ಯ ರಾಬರ್ಟ್ ವೈಟ್ ಅವರ ಹೆಸರು ಅದಕ್ಕೆ ಅಂಟಿಕೊಂಡಿದೆ. ಬೈಬಲ್ಲಿನಲ್ಲಿ ಬರುವ ಬೋಳ ಇದರ ಒಡಹುಟ್ಟು. ನೋಡಲು ಚೆಂದದ ಗಿಡವಲ್ಲ. ಸೊಟ್ಟಸೊಟ್ಟಾಗಿ ಬೆಳೆದ ಪೊದೆ, ರೆಂಬೆಯ ತುದಿಯೇ ಮುಳ್ಳು. ಮಳೆ ಬಿದ್ದಾಗ ನಾಲ್ಕು ದಿನ ಚಿಗುರುತ್ತದೆ, ಉಳಿದ ಕಾಲವೆಲ್ಲ ಬೋಳು. ತೊಗಟೆ ಹಳೆಯ ಪುಸ್ತಕದ ಹಾಳೆಯ ಹಾಗೆ ಪದರ ಪದರವಾಗಿ ಕಳಚುತ್ತದೆ, ಉಗುರಿನಿಂದ ಒಂದು ಪದರ ಎತ್ತಿದರೆ ಅಡಿಯಲ್ಲಿ ಹಸಿರು ಕಾಣುತ್ತದೆ. ಎಲೆ ಇಲ್ಲದ ತಿಂಗಳುಗಳಲ್ಲಿ ಬಿಸಿಲುಂಡು ಬದುಕುವುದು ಈ ಹಸಿರು ತೊಗಟೆಯಿಂದಲೇ. ತೊಗಟೆಗೆ ಗಾಯವಾದರೆ ಒಳಗಿನ ನಾಳಗಳಿಂದ ಹಳದಿ ಅಂಟು ಜಿನುಗಿ, ಗಾಳಿಗೆ ಒಣಗಿ, ಮುತ್ತಿನ ಹಾಗೆ ಗಟ್ಟಿಯಾಗುತ್ತದೆ. ಮಳೆನಾಡಿನ ಗಿಡ ಒಂದು ಕೊಂಬೆ ಕಳೆದುಕೊಂಡರೆ ಮುಂದಿನ ತಿಂಗಳು ಇನ್ನೊಂದು ಬಿಟ್ಟೀತು. ತೀರ ನಿಧಾನವಾಗಿ ಬೆಳೆಯುವ ಗಿಡಕ್ಕೆ ಆ ಐಷಾರಾಮ ಎಲ್ಲಿಯದು? ಇದ್ದುದನ್ನು ಹುಳುವಿನಿಂದ, ಮೇಯುವ ದನದಿಂದ ಕಾಯಬೇಕು. ಅಂಟು, ಹಾಲು, ಕಹಿ, ವಿಷ – ಮರುಭೂಮಿಯ ಗಿಡಗಳಲ್ಲಿ ಇವು ಇಷ್ಟು ದಟ್ಟವಾಗಿರುವುದಕ್ಕೆ ಇದೂ ಒಂದು ಕಾರಣ. ಹುಳುವಿನ ಮೈಯಲ್ಲಿ ಏನನ್ನೋ ಕೆಡಿಸಲು ಹುಟ್ಟಿದ ಅಣು ನಮ್ಮ ಮೈಯಲ್ಲೂ ಏನನ್ನಾದರೂ ತಟ್ಟಬಹುದು.

ಗುಗ್ಗುಳದ ಗುಣ ಆಯುರ್ವೇದದವರಿಗೆ ಬಹಳ ಹಿಂದಿನಿಂದ ಗೊತ್ತು. ಸುಶ್ರುತ ಸಂಹಿತೆಯಲ್ಲಿ ಮೇದೋರೋಗದ ವಿವರಣೆಯಿದೆ: ಕೊಬ್ಬು ಮೈಯಲ್ಲಿ ಶೇಖರವಾಗಿ ದಾರಿಗಳನ್ನು ಕಟ್ಟಿಹಾಕುವ ಕಾಯಿಲೆ. ಅದಕ್ಕೆ ಮದ್ದು ಗುಗ್ಗುಳ. ಈ ವಿವರಣೆಯನ್ನು ಓದಿ, ಇದು ನಾವು ರಕ್ತನಾಳದ ಕೊಬ್ಬು ಎನ್ನುತ್ತೇವಲ್ಲ ಅದೇ ಇರಬಾರದೇಕೆ ಎಂದು ಕೇಳಿದವರು ಡಾ. ಜಿ. ವಿ. ಸತ್ಯವತಿ. ಕಾಶಿಯ ಬನಾರಸ್ ಹಿಂದೂ ವಿಶ್ವವಿದ್ಯಾಲಯದಲ್ಲಿ ಅವರ ಪ್ರೌಢಪ್ರಬಂಧ ಬಂದದ್ದು 1966ರಲ್ಲಿ. ಮೊಲಗಳಿಗೆ ಕೊಲೆಸ್ಟರಾಲ್ ತಿನ್ನಿಸಿ, ಜೊತೆಗೆ ಗುಗ್ಗುಳ ಕೊಟ್ಟು ನೋಡಿದರು. ಮೊಲಗಳ ರಕ್ತದಲ್ಲಿ ಕೊಬ್ಬು ಇಳಿಯಿತು. ಮುಂದೆ ಇದೇ ಸತ್ಯವತಿಯವರು ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ಮಹಾನಿರ್ದೇಶಕರಾದರು, ಆ ಹುದ್ದೆಗೇರಿದ ಮೊದಲ ಮಹಿಳೆ. ಹಳೆಯ ಗ್ರಂಥ ಓದುವವರು ಸಾಮಾನ್ಯವಾಗಿ ಅದನ್ನು ಹೊಗಳಿ ಸುಮ್ಮನಾಗುತ್ತಾರೆ. ಇವರು ಅದಕ್ಕೆ ಒಂದು ಪರೀಕ್ಷೆ ಒಡ್ಡಿದರು. ನನಗೆ ಅವರ ಮೇಲಿನ ಗೌರವ ಈ ಕಾರಣಕ್ಕೆ.

1970ರ ದಶಕದ ಹೊತ್ತಿಗೆ ರಸಾಯನಶಾಸ್ತ್ರಜ್ಞ ಸುಖ್ ದೇವ್ ಮತ್ತು ಸಂಗಡಿಗರು ಅಂಟಿನ ಒಳಗಿನ ಮುಖ್ಯ ಅಣುಗಳನ್ನು ಬೇರ್ಪಡಿಸಿ ಗುಗ್ಗುಳ್‌ಸ್ಟೆರೋನ್ ಎಂದು ಕರೆದರು. ಲಖನೌದ ಕೇಂದ್ರೀಯ ಔಷಧ ಸಂಶೋಧನಾ ಸಂಸ್ಥೆ ಅಂಟಿನ ಸಾರವನ್ನು ರೋಗಿಗಳಿಗೆ ಕೊಟ್ಟು ನೋಡಿತು. 80ರ ದಶಕದ ಕೊನೆಗೆ ಅದು ಮಾತ್ರೆಯಾಗಿ ಅಂಗಡಿಗೂ ಬಂತು.

ಆಮೇಲೆ ಕಥೆ ಅಮೆರಿಕಕ್ಕೆ ಹೋಗುತ್ತದೆ. 2002ರಲ್ಲಿ ಹ್ಯೂಸ್ಟನ್ನಿನ ಬೇಲರ್ ವೈದ್ಯಕೀಯ ಕಾಲೇಜಿನ ಡೇವಿಡ್ ಮೂರ್ ಅವರ ತಂಡ ಸೈನ್ಸ್ ಪತ್ರಿಕೆಯಲ್ಲಿ ಒಂದು ಸೊಗಸಾದ ಲೇಖನ ಬರೆಯಿತು. ನಮ್ಮ ಯಕೃತ್ತು, ಅಂದರೆ ನಾವು ಬಾಯಿಮಾತಿನಲ್ಲಿ ಲಿವರ್ ಎನ್ನುವುದು, ಕೊಲೆಸ್ಟರಾಲನ್ನು ಪಿತ್ತವಾಗಿ ಮಾರ್ಪಡಿಸಿ ಹೊರಹಾಕುತ್ತದೆ. ಪಿತ್ತ ಸಾಕಷ್ಟಾದಾಗ "ಇನ್ನು ಸಾಕು" ಎನ್ನಲು ಕೋಶದೊಳಗೆ ಒಬ್ಬ ಮೇಸ್ತ್ರಿ ಇದ್ದಾನೆ. ಎಫ್‌ಎಕ್ಸ್‌ಆರ್ ಎಂಬ ಗ್ರಾಹಕ. ಗುಗ್ಗುಳ್‌ಸ್ಟೆರೋನ್ ಈ ಮೇಸ್ತ್ರಿಯ ಬಾಯಿ ಮುಚ್ಚಿಸುತ್ತದೆ, ಆದ್ದರಿಂದ ಯಕೃತ್ತು ಕೊಲೆಸ್ಟರಾಲನ್ನು ಖರ್ಚು ಮಾಡುತ್ತಲೇ ಹೋಗುತ್ತದೆ ಎಂಬುದು ಅವರ ವಿವರಣೆ. ಸಾಕ್ಷಿಯೂ ಇತ್ತು: ಮೇಸ್ತ್ರಿಯೇ ಇಲ್ಲದಂತೆ ಬೆಳೆಸಿದ ಇಲಿಗಳಲ್ಲಿ ಗುಗ್ಗುಳ ಏನೂ ಮಾಡಲಿಲ್ಲ, ಇದ್ದ ಇಲಿಗಳ ಯಕೃತ್ತಿನಲ್ಲಿ ಕೊಲೆಸ್ಟರಾಲ್ ಇಳಿಯಿತು. ನಮ್ಮ ಪತ್ರಿಕೆಗಳಲ್ಲಿ ಸಂಭ್ರಮವೋ ಸಂಭ್ರಮ.

ಸಂಭ್ರಮ ಬಹಳ ಕಾಲ ಬಾಳಲಿಲ್ಲ. 2003ರಲ್ಲಿ ಫಿಲಡೆಲ್ಫಿಯಾದ ಪೆನ್ಸಿಲ್ವೇನಿಯಾ ವಿಶ್ವವಿದ್ಯಾಲಯದ ವೈದ್ಯರು 103 ಜನರನ್ನು ಮೂರು ಗುಂಪು ಮಾಡಿ, ಒಂದು ಗುಂಪಿಗೆ ಮದ್ದಿಲ್ಲದ ಬರಿ ಮಾತ್ರೆ, ಇನ್ನೆರಡಕ್ಕೆ ದಿನಕ್ಕೆ ಮೂರು ಸಲ 1000 ಅಥವಾ 2000 ಮಿಲಿಗ್ರಾಂ ಗುಗ್ಗುಳಸಾರ ಕೊಟ್ಟು ಎಂಟು ವಾರ ನೋಡಿದರು. ಬರಿ ಮಾತ್ರೆ ನುಂಗಿದವರ ಎಲ್‌ಡಿಎಲ್, ಅಂದರೆ ಕೆಟ್ಟ ಕೊಲೆಸ್ಟರಾಲ್, ಶೇಕಡ 5ರಷ್ಟು ಇಳಿದಿತ್ತು. ಗುಗ್ಗುಳ ನುಂಗಿದವರದು ಶೇಕಡ 4–5ರಷ್ಟು ಏರಿತ್ತು! ಕೆಲವರಿಗೆ ಮೈಮೇಲೆ ದದ್ದು ಬೇರೆ.

ಇಲ್ಲಿ ನಮ್ಮ ದೇಶದಲ್ಲಿ ಎರಡು ಬಗೆಯ ಮಾತು ಕೇಳಿಬಂತು. ಇದು ವಿದೇಶಿ ಕಂಪನಿಗಳ ಸಂಚು ಎಂದರು ಕೆಲವರು. ನಾಟಿ ಮದ್ದೆಲ್ಲ ಬರಿ ಬೊಗಳೆ ಎಂದರು ಇನ್ನು ಕೆಲವರು. ಎರಡೂ ಸೋಮಾರಿ ಮಾತು. ಕಾಶಿಯ ಮೊಲ ಸುಳ್ಳು ಹೇಳಿರಲಿಲ್ಲ, ಹ್ಯೂಸ್ಟನ್ನಿನ ಇಲಿಯೂ ಹೇಳಿರಲಿಲ್ಲ, ಫಿಲಡೆಲ್ಫಿಯಾದ ಮನುಷ್ಯರಂತೂ ಹೇಳಿರಲಿಲ್ಲ. ಮೂರೂ ನಿಜವಾದರೆ ಕೇಳಬೇಕಾದ ಪ್ರಶ್ನೆ ಬೇರೆ: ಗುಗ್ಗುಳ ಕೆಲಸ ಮಾಡುತ್ತದೋ ಇಲ್ಲವೋ ಎಂದು ಕೇಳುವ ಮೊದಲು, ಯಾರ ಯಕೃತ್ತಿನಲ್ಲಿ ಎಂದು ಕೇಳಬೇಕು.

ಇಲಿ ನಮ್ಮ ಚಿಕ್ಕ ರೂಪವಲ್ಲ. ಅದರ ರಕ್ತದಲ್ಲಿ ಕೊಲೆಸ್ಟರಾಲ್ ಬಹುಪಾಲು ಓಡಾಡುವುದು ಒಳ್ಳೆಯದು ಎನ್ನುವ ಎಚ್‌ಡಿಎಲ್ ಗಾಡಿಯಲ್ಲಿ, ನಮ್ಮದು ಎಲ್‌ಡಿಎಲ್ ಗಾಡಿಯಲ್ಲಿ. ಹೊರಗಿನಿಂದ ಬಂದ ರಾಸಾಯನಿಕವನ್ನು ಗುರುತಿಸುವ ಪಿಎಕ್ಸ್‌ಆರ್ ಎಂಬ ಇನ್ನೊಂದು ಗ್ರಾಹಕವಿದೆ, ಗುಗ್ಗುಳ್‌ಸ್ಟೆರೋನ್ ಅದನ್ನೂ ತಟ್ಟುತ್ತದೆ. ಕ್ಷಯಕ್ಕೆ ಕೊಡುವ ರಿಫಾಂಪಿಸಿನ್ ಮನುಷ್ಯನ ಪಿಎಕ್ಸ್‌ಆರನ್ನು ಎಚ್ಚರಿಸುತ್ತದೆ, ಇಲಿಯದನ್ನು ಎಚ್ಚರಿಸುವುದಿಲ್ಲ. ಬೀಗದ ಹೆಸರು ಒಂದೇ, ಕೀಲಿ ಬೇರೆ.

ಈ ಮಾತು ಬಂದಾಗಲೆಲ್ಲ ನನಗೆ ಜಪಾನಿನ ಅಕಿರಾ ಎಂಡೊ ನೆನಪಾಗುತ್ತಾರೆ. ಇವತ್ತು ಈ ಸಭೆಯಲ್ಲೇ ಹತ್ತಾರು ಜನ ರಾತ್ರಿ ಮಲಗುವ ಮುಂಚೆ ಸ್ಟ್ಯಾಟಿನ್ ಮಾತ್ರೆ ನುಂಗುತ್ತೀರಿ. ಅದರ ಮೂಲಪುರುಷ ಅವರು. ಸುಮಾರು ಆರು ಸಾವಿರ ಬೂಷ್ಟುಗಳನ್ನು ಸೋಸಿ ಒಂದು ಅಣು ಹಿಡಿದರು. ಇಲಿಗೆ ಕೊಟ್ಟರೆ ಕೊಲೆಸ್ಟರಾಲ್ ಇಳಿಯಲಿಲ್ಲ. ಕಂಪನಿ ಕೈಬಿಡುವುದರಲ್ಲಿತ್ತು. ಅದೇ ಕಂಪನಿಯಲ್ಲಿ ಬೇರೆ ಕೆಲಸಕ್ಕಾಗಿ ಮೊಟ್ಟೆಯಿಡುವ ಕೋಳಿ ಸಾಕಿಕೊಂಡಿದ್ದ ಸಹೋದ್ಯೋಗಿ ಒಬ್ಬರು ಸಿಕ್ಕರು. ಮೊಟ್ಟೆಯಲ್ಲಿ ಕೊಲೆಸ್ಟರಾಲ್ ತುಂಬಿರುತ್ತದೆ, ಆದ್ದರಿಂದ ಕೋಳಿಯ ರಕ್ತದಲ್ಲೂ ಇರಲೇಬೇಕು ಎಂದು ಎಂಡೊ ಲೆಕ್ಕ ಹಾಕಿದರು. 1976ರಲ್ಲಿ ಕೋಳಿಗೆ ಕೊಟ್ಟಾಗ ಇಳಿಯಿತು. ಲೋಕದ ಅತಿ ಹೆಚ್ಚು ನುಂಗುವ ಔಷಧಗಳ ವಂಶ ಒಂದು ಕೋಳಿಗೂಡಿನಲ್ಲಿ ಉಳಿಯಿತು. ಕೋಳಿ ಸಿಗದ ಅಣುಗಳು ಎಷ್ಟು ಇಲಿಗಳ ಜೊತೆ ಮಣ್ಣಾದವೋ.

ಹಾಗಾದರೆ ಮನುಷ್ಯನ ಯಕೃತ್ತಿನಲ್ಲೇ ನೋಡಬಾರದೇ? ಕೊಡುವವರು ಯಾರು? ಸಿಕ್ಕರೂ ಪ್ರಯೋಗಾಲಯದ ತಟ್ಟೆಗೆ ಹಾಕಿದ ಯಕೃತ್ ಕೋಶ ನಾಲ್ಕಾರು ದಿನದಲ್ಲಿ ತನ್ನ ಕಸುಬು ಮರೆಯುತ್ತದೆ. ಡಲ್ಲಾಸಿನ ಮೈಕಲ್ ಬ್ರೌನ್ ಮತ್ತು ಜೋಸೆಫ್ ಗೋಲ್ಡ್‌ಸ್ಟೀನ್ 1970ರ ದಶಕದಲ್ಲಿ ಇದಕ್ಕೆ ಒಂದು ಉಪಾಯ ಕಂಡುಕೊಂಡಿದ್ದರು. ಮನೆತನದಲ್ಲಿ ಇಳಿದುಬರುವ ಅಧಿಕ ಕೊಲೆಸ್ಟರಾಲ್ ಎಂಬ ಕಾಯಿಲೆಯಿದೆ. ತಂದೆತಾಯಿ ಇಬ್ಬರಿಂದಲೂ ಕೆಟ್ಟ ಜೀನ್ ಬಂದ ಮಕ್ಕಳಿಗೆ ಬೆರಳ ಗಿಣ್ಣಿನ ಮೇಲೆ, ಹಿಮ್ಮಡಿಯ ಸ್ನಾಯುರಜ್ಜಿನ ಮೇಲೆ ಹಳದಿ ಗಂಟುಗಳು ಏಳುತ್ತವೆ, ಹದಿಹರೆಯದಲ್ಲೇ ಹೃದಯಾಘಾತವಾಗಬಹುದು. ಬ್ರೌನ್, ಗೋಲ್ಡ್‌ಸ್ಟೀನ್ ಅಂಥ ಮಕ್ಕಳ ಚರ್ಮದ ಕೋಶಗಳನ್ನು ತಟ್ಟೆಯಲ್ಲಿ ಬೆಳೆಸಿದರು. ನಿಮ್ಮ ನಮ್ಮ ಕೋಶ ರಕ್ತದ ಎಲ್‌ಡಿಎಲನ್ನು ಹಿಡಿದು ಒಳಗೆಳೆದುಕೊಳ್ಳುತ್ತದೆ, ಈ ಮಕ್ಕಳ ಕೋಶಕ್ಕೆ ಹಿಡಿಯುವ ಕೈಯೇ ಇಲ್ಲ ಎಂದು ತೋರಿಸಿದರು. 1985ರಲ್ಲಿ ನೊಬೆಲ್ ಬಂತು. ರೋಗಿಯನ್ನು ಮುಟ್ಟದೆ ರೋಗವನ್ನು ತಟ್ಟೆಯಲ್ಲಿ ಕೂರಿಸಿಕೊಂಡು ಮಾತನಾಡಿಸಬಹುದು ಎಂಬುದಕ್ಕೆ ನನ್ನ ಪ್ರಕಾರ ಇದಕ್ಕಿಂತ ಚೆಂದದ ಉದಾಹರಣೆ ಇಲ್ಲ. ಆದರೆ ಚರ್ಮ ಚರ್ಮವೇ. ಅದು ಪಿತ್ತ ಮಾಡುವುದಿಲ್ಲ, ಎಲ್‌ಡಿಎಲ್ ತಯಾರಿಸಿ ರಕ್ತಕ್ಕೆ ಬಿಡುವುದಿಲ್ಲ.

ಚರ್ಮವನ್ನು ಯಕೃತ್ತಾಗಿಸುವ ದಾರಿ ತೆರೆದದ್ದು 2006ರಲ್ಲಿ, ಕ್ಯೋಟೋದಲ್ಲಿ. ಭ್ರೂಣದ ಆರಂಭದ ಕೋಶಗಳು ಯಾವ ಅಂಗವಾದರೂ ಆಗಬಲ್ಲವು, ಬೆಳೆದ ಮೇಲೆ ಆ ಸ್ವಾತಂತ್ರ್ಯ ಹೋಗುತ್ತದೆ. ಇಂಥ ಕೋಶವೇ ಸ್ಟೆಮ್ ಸೆಲ್. ಕನ್ನಡದಲ್ಲಿ ಅದಕ್ಕೆ ಕಾಂಡಕೋಶ ಎಂದು ಬರೆಯುವವರಿದ್ದಾರೆ. ಗಿಡಗಳ ಬಗ್ಗೆಯೇ ಮಾತನಾಡುವ ಇವತ್ತು ಆ ಪದ ಬಳಸಿದರೆ ಗುಗ್ಗುಳದ ಕಾಂಡ ನಕ್ಕೀತು. ನಾನು ಆಕರಕೋಶ ಎನ್ನುತ್ತೇನೆ. ಶಿನ್ಯಾ ಯಮನಕ ಮತ್ತು ಅವರ ಶಿಷ್ಯ ಕಜುತೋಶಿ ತಕಹಾಶಿ ಆಕರಕೋಶಗಳಲ್ಲಿ ಚುರುಕಾಗಿರುವ 24 ಜೀನ್‌ಗಳನ್ನು ಆರಿಸಿಕೊಂಡು, ಅಷ್ಟನ್ನೂ ಒಟ್ಟಿಗೆ ಇಲಿಯ ಚರ್ಮದ ಕೋಶಕ್ಕೆ ಹಾಕಿದರು. ಕೋಶ ಹಿಂದಕ್ಕೆ ನಡೆದು ಮತ್ತೆ ಆಕರಕೋಶವಾಯಿತು. ಆಮೇಲೆ 24ರಲ್ಲಿ ಒಂದೊಂದನ್ನೇ ತೆಗೆದು ನೋಡಿದರು. ಸಾರಿನ ಪುಡಿಯಲ್ಲಿ ಯಾವುದು ಬಿಟ್ಟರೆ ಸಾರು ಸಾರಲ್ಲ ಎಂದು ನೋಡುವ ಹಾಗೆ. ನಾಲ್ಕು ಉಳಿದವು. ಮರುವರ್ಷ ಮನುಷ್ಯನ ಕೋಶದಲ್ಲೂ ಆಯಿತು. 2012ರಲ್ಲಿ ಯಮನಕ ಅವರಿಗೆ, 1962ರಲ್ಲೇ ಕಪ್ಪೆಯಲ್ಲಿ ಇಂಥದ್ದನ್ನು ಸಾಧಿಸಿದ್ದ ಜಾನ್ ಗರ್ಡನ್ ಅವರ ಜೊತೆ ನೊಬೆಲ್ ಸಂದಿತು.

ಈ ಕೋಶಗಳನ್ನು ಸಾಕುವುದು ಹೇಗೆಂದು ಎರಡು ಮಾತು ಹೇಳಬೇಕು, ಏಕೆಂದರೆ ಪತ್ರಿಕೆಗಳಲ್ಲಿ ಓದುವಾಗ ಗುಂಡಿ ಒತ್ತಿದರೆ ಯಕೃತ್ತು ಬಂದುಬಿಡುತ್ತದೆ ಎನಿಸುತ್ತದೆ. ಸೂಕ್ಷ್ಮದರ್ಶಕದ ಅಡಿ ಆರೋಗ್ಯವಾಗಿರುವ ಆಕರಕೋಶಗಳು ಒತ್ತೊತ್ತಾಗಿ, ಸುತ್ತ ಹೊಳೆಯುವ ಅಂಚಿನ ಒಂದು ದ್ವೀಪದ ಹಾಗೆ ಕಾಣುತ್ತವೆ. ಅಂಚು ಚೆದುರತೊಡಗಿದರೆ ಅವು ಹಾದಿ ತಪ್ಪುತ್ತಿವೆ ಎಂದೇ ಲೆಕ್ಕ. ಅವುಗಳ ಊಟ ಗುಲಾಬಿ ಬಣ್ಣದ ದ್ರವ. ದಿನಾ ಬದಲಾಯಿಸಬೇಕು, ಭಾನುವಾರವೂ. ನಾನು ಪ್ರಯೋಗಾಲಯದಲ್ಲಿದ್ದ ಕಾಲದಲ್ಲಿ ಒಂದು ದೀಪಾವಳಿಗೆ, ಎರಡು ದಿನ ತಾನೇ ಎಂದು ಊರಿಗೆ ಹೋದೆ. ಬಂದು ಪೆಟ್ಟಿಗೆ ತೆಗೆದರೆ ಗುಲಾಬಿ ನೀರು ನಿಂಬೆಹಣ್ಣಿನ ಹಳದಿಯಾಗಿತ್ತು. ಕೋಶಗಳು ತಮ್ಮ ಹುಳಿಯಲ್ಲೇ ತಾವು ಸತ್ತಿದ್ದವು. ಏಳು ವಾರದ ಕೆಲಸ ಸಿಂಕಿಗೆ ಹೋಯಿತು. ಅಂದಿನಿಂದ ನಮ್ಮ ಮನೆಯಲ್ಲಿ ನನ್ನ ಕೋಶಗಳಿಗೆ "ಹಸುಗಳು" ಎಂದೇ ಹೆಸರು. "ನಿಮ್ಮ ಹಸುಗಳಿಗೆ ಹುಲ್ಲು ಹಾಕಿ ಬನ್ನಿ, ಆಮೇಲೆ ಊಟ" ಎನ್ನುತ್ತಿದ್ದಳು ಮನೆಯಾಕೆ. ಈ ಹಸುಗಳನ್ನು ಯಕೃತ್ತಿನ ಕಡೆಗೆ ತಿರುಗಿಸಲು ದಿನಕ್ಕೊಂದು ಲೆಕ್ಕದಲ್ಲಿ ಬೇರೆ ಬೇರೆ ಸಂಕೇತ ಪ್ರೋಟೀನುಗಳನ್ನು ಉಣಿಸಬೇಕು, ತಾಯಿಯ ಹೊಟ್ಟೆಯಲ್ಲಿ ಭ್ರೂಣಕ್ಕೆ ಸಿಗುವ ಕ್ರಮದಲ್ಲೇ. ಸುಮಾರು ಇಪ್ಪತ್ತು ದಿನಕ್ಕೆ ಮೂಲೆಮೂಲೆಯಾದ, ಕೆಲವು ಎರಡೆರಡು ಬೀಜಕೇಂದ್ರಗಳಿರುವ, ಯಕೃತ್ತಿನಂಥ ಕೋಶಗಳು ತಟ್ಟೆಯಲ್ಲಿ ಹಾಸಿಕೊಳ್ಳುತ್ತವೆ.

ಹೀಗೆ ಯಕೃತ್ ಕೋಶ ಮಾಡುವ ವಿಧಾನಕ್ಕೆ ರೂಪ ಕೊಟ್ಟವರಲ್ಲಿ ಸ್ಟೀಫನ್ ಡಂಕನ್ ಒಬ್ಬರು. ಅಮೆರಿಕದ ಚಾರ್ಲ್ಸ್‌ಟನ್‌ನಲ್ಲಿ ಅವರ ತಂಡ ಬ್ರೌನ್, ಗೋಲ್ಡ್‌ಸ್ಟೀನ್ ಅಧ್ಯಯನ ಮಾಡಿದ್ದ ಅದೇ ಕಾಯಿಲೆಯ ರೋಗಿಯ ಚರ್ಮದಿಂದ ಯಕೃತ್ ಕೋಶ ಬೆಳೆಸಿತು. ಈ ರೋಗಿಗಳಿಗೆ ಸ್ಟ್ಯಾಟಿನ್ ಹೆಚ್ಚು ಉಪಯೋಗಕ್ಕೆ ಬರುವುದಿಲ್ಲ. ಸ್ಟ್ಯಾಟಿನ್ ಕೆಲಸ ಮಾಡುವುದು ಎಲ್‌ಡಿಎಲ್ ಹಿಡಿಯುವ ಕೈಗಳನ್ನು ಹೆಚ್ಚಿಸಿ, ಇವರಿಗೆ ಆ ಕೈಗಳೇ ಇಲ್ಲ. ಹಾಗಾದರೆ ಯಕೃತ್ತು ಎಲ್‌ಡಿಎಲ್ ಮೂಲವಸ್ತುವನ್ನು ಹೊರಬಿಡುವುದನ್ನೇ ತಗ್ಗಿಸುವ ಅಣು ಉಂಟೇ? ತಂಡ ಸುಮಾರು 2300 ಅಣುಗಳನ್ನು, ಬಹುಪಾಲು ಆಗಲೇ ಔಷಧವಾಗಿ ಬಳಕೆಯಲ್ಲಿದ್ದವು ಅಥವಾ ಗಿಡಮೂಲದವು, ಒಂದೊಂದಾಗಿ ಆ ಕೋಶಗಳ ಮೇಲೆ ಹಾಕಿ, ಎಲ್‌ಡಿಎಲ್ಲಿನ ಬೆನ್ನೆಲುಬಾದ ಅಪೊಬಿ ಎಂಬ ಪ್ರೋಟೀನು ಎಷ್ಟು ಹೊರಬರುತ್ತದೆಂದು ಅಳೆಯಿತು. 2017ರಲ್ಲಿ ಪ್ರಕಟವಾದ ಆ ಫಲಿತಾಂಶ ಯಾರೂ ಎಣಿಸಿರದಿದ್ದದ್ದು. ಅಪೊಬಿಯನ್ನು ಇಳಿಸಿದವು ಹೃದಯದ ಗ್ಲೈಕೊಸೈಡುಗಳು. ಡಿಜಾಕ್ಸಿನ್ ಹೆಸರು ಕೇಳಿದ್ದೀರಿ, ದುರ್ಬಲ ಹೃದಯಕ್ಕೆ ಬಹಳ ಹಿಂದಿನಿಂದ ಕೊಡುವ ಮದ್ದು. ಅದರ ಬಳಗ. ಆಸ್ಪತ್ರೆಯ ಹಳೆಯ ದಾಖಲೆ ತೆಗೆದು ನೋಡಿದರೆ, ಹೃದಯಕ್ಕೆಂದು ಈ ಮದ್ದು ನುಂಗಿದವರ ಎಲ್‌ಡಿಎಲ್ ಕೂಡ ಇಳಿದದ್ದು ಅಲ್ಲಿ ಬರೆದೇ ಇತ್ತು. ಯಾರೂ ಆ ಕಣ್ಣಿನಿಂದ ಓದಿರಲಿಲ್ಲ.

ಈ ಬಳಗದ ಅಣುಗಳು ಎಲ್ಲಿ ಹುಟ್ಟುತ್ತವೆ? ಡಿಜಾಕ್ಸಿನ್ ಯುರೋಪಿನ ಡಿಜಿಟಾಲಿಸ್ ಗಿಡದ್ದು. ಊಆಬೇನ್ ಪೂರ್ವ ಆಫ್ರಿಕದ ಒಣನಾಡಿನವರು ಬಾಣದ ತುದಿಗೆ ಸವರುತ್ತಿದ್ದ ಮರದ ವಿಷ. ನಮ್ಮ ಕಣಗಿಲೆಯಲ್ಲಿದೆ. ಮರಳುಗಾಡಿನ ಎಕ್ಕದಲ್ಲಿದೆ. ರಾಜಸ್ಥಾನದಿಂದ ಅರಬಸ್ತಾನ, ಸಹಾರಾದವರೆಗೆ ಬೇರೆ ಹಸಿರೇ ಕಾಣದ ಕಡೆ ತಲೆಯೆತ್ತಿ ನಿಂತಿರುವ ಆ ಎಕ್ಕ, ನಾವು ರಥಸಪ್ತಮಿಯ ಬೆಳಿಗ್ಗೆ ತಲೆಭುಜಗಳ ಮೇಲೆ ಎಲೆಯಿಟ್ಟು ನೀರು ಹಾಕಿಕೊಳ್ಳುವ ಎಕ್ಕದ ತಮ್ಮ. ಈ ವಿಷ ಪ್ರಾಣಿಯ ಪ್ರತಿ ಕೋಶದಲ್ಲೂ ಸೋಡಿಯಂ ಹೊರದೂಡುವ ಪಂಪನ್ನು ಹಿಡಿದು ನಿಲ್ಲಿಸುತ್ತದೆ. ಎಕ್ಕದ ಎಲೆ ತಿಂದೇ ಬೆಳೆಯುವ ಪಟ್ಟೆಪಟ್ಟೆ ಕಂಬಳಿಹುಳು ಮಾತ್ರ ಈ ವಿಷವನ್ನು ಮೈಯಲ್ಲಿ ಕೂಡಿಟ್ಟುಕೊಂಡು ಹಕ್ಕಿಗಳಿಗೆ ಕಹಿಯಾಗುತ್ತದೆ.

ಆದರೆ ಇಲಿಯ ಪಂಪು ಈ ಅಣುಗಳಿಗೆ ಸುಲಭಕ್ಕೆ ಬಗ್ಗುವುದಿಲ್ಲ. ಅಂದರೆ ಇದೇ 2300 ಅಣುಗಳನ್ನು ಇಲಿಯ ಯಕೃತ್ತಿನಲ್ಲಿ ಸೋಸಿದ್ದರೆ ಎಕ್ಕದ ಬಳಗ ಜರಡಿಯಿಂದ ಕೆಳಗೆ ಬಿದ್ದುಹೋಗುತ್ತಿತ್ತು. ಡಂಕನ್ ಅವರ ತಂಡ ಪ್ರಾಣಿಯಲ್ಲಿ ಖಾತ್ರಿ ಮಾಡಿಕೊಳ್ಳಲು, ಮನುಷ್ಯನ ಯಕೃತ್ ಕೋಶಗಳನ್ನು ಕೂಡಿಸಿದ ಇಲಿಗಳನ್ನೇ ಬಳಸಬೇಕಾಯಿತು. ಎದುರು ಕೂತ ಹಿರಿಯರ ಪ್ರಶ್ನೆಗೆ ನನ್ನ ಉತ್ತರ ಇದೇ: ಮರಳುಗಾಡಿನ ಗಿಡದ ಅಣು ಮನುಷ್ಯನ ಯಕೃತ್ತಿನಲ್ಲಿ ಏನು ಮಾಡುತ್ತದೆಂದು ನೋಡಲು ಆಕರಕೋಶ ಬೇಕು.

ಒಂದು ಎಚ್ಚರಿಕೆ ಹೇಳದಿದ್ದರೆ ನಾಳೆ ಯಾರ ಮನೆಯಲ್ಲೋ ಅನಾಹುತವಾದೀತು. ಈ ಅಣುಗಳಲ್ಲಿ ಮದ್ದಿನ ಅಳತೆಗೂ ವಿಷದ ಅಳತೆಗೂ ನಡುವೆ ಇರುವುದು ಕೂದಲೆಳೆ. ಎಕ್ಕದ ಹಾಲು, ಕಣಗಿಲೆಯ ಬೀಜ – ಯಾವುದನ್ನೂ ಕೊಲೆಸ್ಟರಾಲಿಗೆಂದು ಬಾಯಿಗಿಡಬೇಡಿ. ವಾಟ್ಸಾಪಿನಲ್ಲಿ ಬಂದರೂ ಇಡಬೇಡಿ.

ತಟ್ಟೆಯ ಮಿತಿಯನ್ನೂ ಮುಚ್ಚಿಡಬಾರದು. ಇಪ್ಪತ್ತು ದಿನದ ಯಕೃತ್ ಕೋಶ ಇನ್ನೂ ಎಳಸು, ಹುಟ್ಟದ ಮಗುವಿನ ಯಕೃತ್ತು ಮಾಡುವ ಪ್ರೋಟೀನನ್ನು ಅದು ಇನ್ನೂ ಮಾಡುತ್ತಿರುತ್ತದೆ. ಅದಕ್ಕೆ ಕರುಳಿಲ್ಲ. ಯಕೃತ್ತು ಬಿಟ್ಟ ಪಿತ್ತಾಮ್ಲದಲ್ಲಿ ಶೇಕಡ 95ರಷ್ಟು ಕರುಳಿನಿಂದ ಹೀರಿಕೊಂಡು ಮತ್ತೆ ಯಕೃತ್ತಿಗೇ ವಾಪಸು ಬರುತ್ತದೆ. ಗುಗ್ಗುಳ ತಟ್ಟುವುದು ಪಿತ್ತದ ಮೇಸ್ತ್ರಿಯನ್ನು ಎನ್ನುವುದಾದರೆ, ಈ ತಿರುಗಣಿಯ ಅರ್ಧ ಭಾಗವೇ ತಟ್ಟೆಯಲ್ಲಿಲ್ಲ. ಆದ್ದರಿಂದ ಫಿಲಡೆಲ್ಫಿಯಾದಂಥ ಪರೀಕ್ಷೆಯನ್ನು ತಟ್ಟೆ ತಪ್ಪಿಸಲಾರದು. ಅದು ಮಾಡಬಹುದಾದ್ದು ಬೇರೆ: 103 ಜನರನ್ನು ಕರೆಯುವ ಮುಂಚೆ ಯಾರನ್ನು ಕರೆಯಬೇಕು ಎಂದು ತಿಳಿಸಬಹುದು. ಹತ್ತು ಜನರ ಚರ್ಮದಿಂದ ಹತ್ತು ಯಕೃತ್ತು ಬೆಳೆಸಿ ಒಂದೇ ಸಾರವನ್ನು ಹಾಕಿದರೆ, ಎಲ್ಲಿ ಇಳಿಯಿತು, ಎಲ್ಲಿ ಏರಿತು ಎಂದು ಜನರ ಮೈ ಮುಟ್ಟದೆ ನೋಡಬಹುದು. ಆ ಹತ್ತರಲ್ಲಿ ನಮ್ಮವರೂ ಇರಬೇಕು, ಅಷ್ಟೆ. ಬೆಂಗಳೂರಿನ ಸಂಶೋಧನಾ ಸಂಸ್ಥೆಗಳಾದ ಇನ್‌ಸ್ಟೆಮ್, ಎನ್‌ಸಿಬಿಎಸ್ ಮತ್ತು ನಿಮ್ಹಾನ್ಸ್ ಸೇರಿ ಮನೋರೋಗ ಒಬ್ಬರಿಗಿಂತ ಹೆಚ್ಚು ಜನರನ್ನು ಕಾಡಿರುವ ಕುಟುಂಬಗಳ ರಕ್ತದಿಂದ ಆಕರಕೋಶಗಳನ್ನು ಮಾಡಿ ಮಿದುಳಿನ ಕೋಶ ಬೆಳೆಸಿವೆ. ಒಂದೇ ಮನೆಯ ಅಣ್ಣನಿಗೆ ಕಾಯಿಲೆ, ತಮ್ಮನಿಗಿಲ್ಲ ಎಂದರೆ ಇಬ್ಬರ ಕೋಶವನ್ನೂ ಪಕ್ಕಪಕ್ಕದಲ್ಲಿಟ್ಟು ನೋಡಬಹುದು. ಯಕೃತ್ತಿಗೂ ಅಂಥದ್ದು ನಮ್ಮಲ್ಲಿ ಬೇಕು ಎಂಬುದು ನನ್ನ ಆಸೆ.

ಇನ್ನೊಂದು ಗಿಡವನ್ನು ಹಾದು ಹೋಗುತ್ತೇನೆ. ಮೊರಾಕ್ಕೊದ ಅಟ್ಲಾಸ್ ಬೆಟ್ಟಗಳ ಒಣ ಇಳಿಜಾರಿನಲ್ಲಿ ಎಲೆಯಿಲ್ಲದ, ನಾಲ್ಕು ಏಣಿನ ಒಂದು ಕಳ್ಳಿ ದಿಂಬಿನ ಹಾಗೆ ಗುಂಪುಗುಂಪಾಗಿ ಬೆಳೆಯುತ್ತದೆ. ನಮ್ಮ ಬೇಲಿಯ ಕಳ್ಳಿಗೆ ಹತ್ತಿರದ ನಂಟು. ಎರಡು ಸಾವಿರ ವರ್ಷದ ಹಿಂದೆ ಅಲ್ಲಿ ಆಳಿದ ಎರಡನೆಯ ಜುಬಾ ತನ್ನ ವೈದ್ಯ ಯೂಫೋರ್ಬಸ್‌ನ ಹೆಸರನ್ನು ಅದಕ್ಕಿಟ್ಟ. ಅದರ ಹಾಲಿನಲ್ಲಿರುವ ರೆಸಿನಿಫೆರಾಟಾಕ್ಸಿನ್ ಖಾರದ ಅಳತೆಯಲ್ಲಿ 1600 ಕೋಟಿ ಸ್ಕೊವಿಲ್. ಮೆಣಸಿನಕಾಯಿಯ ಶುದ್ಧ ಖಾರ 1.6 ಕೋಟಿ. ನಮ್ಮ ಬ್ಯಾಡಗಿಯನ್ನು ಈ ಪಂಕ್ತಿಯಲ್ಲಿ ಕೂರಿಸಬೇಡಿ, ಅದು ಬಣ್ಣಕ್ಕೆ ಹುಟ್ಟಿದ್ದು. ಎರಡೂ ತಟ್ಟುವುದು ಒಂದೇ ಬಾಗಿಲನ್ನು: ಬಿಸಿ, ಉರಿಗಳನ್ನು ತಿಳಿಸುವ ನರದ ಮೇಲಿನ ಟಿಆರ್‌ಪಿವಿ1. 1997ರಲ್ಲಿ ಡೇವಿಡ್ ಜೂಲಿಯಸ್ ಅವರ ತಂಡ ಆ ಬಾಗಿಲನ್ನು ಕಂಡುಹಿಡಿದದ್ದು ಮೆಣಸಿನ ಖಾರವನ್ನೇ ಗಾಳವಾಗಿ ಹಾಕಿ. 2021ರ ನೊಬೆಲ್‌ನಲ್ಲಿ ಅವರಿಗೆ ಪಾಲು ಬಂತು. ಕಳ್ಳಿಯ ಅಣು ಎಷ್ಟು ಬಲವಾಗಿ ಬಾಗಿಲು ತೆರೆಯುತ್ತದೆಂದರೆ ಒಳಗೆ ಕ್ಯಾಲ್ಸಿಯಂ ನುಗ್ಗಿ ನರದ ತುದಿಯೇ ಸುಟ್ಟು ಸುಮ್ಮನಾಗುತ್ತದೆ. ಅಮೆರಿಕದ ರಾಷ್ಟ್ರೀಯ ಆರೋಗ್ಯ ಸಂಸ್ಥೆ ಕ್ಯಾನ್ಸರಿನ ತಡೆಯಲಾರದ ನೋವಿಗೆ ಇದನ್ನು ಮದ್ದಾಗಿ ಪರೀಕ್ಷಿಸಿದೆ.

ಬದುಕಿರುವವರ ನೋವಿನ ನರವನ್ನು ಕಿತ್ತು ತಟ್ಟೆಗೆ ಹಾಕುವಂತಿಲ್ಲ. ಅದನ್ನೂ ಈಗ ಆಕರಕೋಶದಿಂದ ಬೆಳೆಸುತ್ತಾರೆ. ಕೈಕಾಲು ಕೆಂಪಾಗಿ ಬೆಂಕಿಯಲ್ಲಿಟ್ಟಂತೆ ಉರಿಯುವ ಒಂದು ವಂಶಪಾರಂಪರ್ಯ ಕಾಯಿಲೆಯಿದೆ. ಬೇಸಗೆಯಲ್ಲಿ ಈ ರೋಗಿಗಳು ಕಾಲನ್ನು ತಣ್ಣೀರಿನಲ್ಲಿಟ್ಟುಕೊಂಡೇ ಕೂರುತ್ತಾರೆ. ಅವರ ಕೋಶದಿಂದ ಬೆಳೆಸಿದ ನರಗಳು ತಟ್ಟೆಯಲ್ಲೂ ಸಣ್ಣ ಬಿಸಿಗೆ ಸಿಡಿಮಿಡಿಗುಟ್ಟುತ್ತವೆ ಎಂದು 2016ರಲ್ಲಿ ಕಂಡಿತು. ಆ ನರಗಳನ್ನು ಶಾಂತವಾಗಿಸಿದ ಅಣುವೊಂದು ಆ ರೋಗಿಗಳಲ್ಲಿ ಬಹುಪಾಲು ಮಂದಿಯ ಉರಿಯನ್ನೂ ತಗ್ಗಿಸಿತು. ತಟ್ಟೆಯಲ್ಲಿ ಕಂಡದ್ದು ಮನುಷ್ಯರಲ್ಲೂ ಕಂಡ ಅಪರೂಪದ ಪ್ರಸಂಗ ಅದು.

ಮತ್ತೆ ಗುಗ್ಗುಳಕ್ಕೆ. ಯಕೃತ್ತನ್ನು ಬೇಕಾದಷ್ಟು ಬೆಳೆಸಬಹುದು ಎನ್ನುವ ಕಾಲ ಬಂತು. ಗಿಡ ಉಳಿಯಬೇಕಲ್ಲ? ಅಂತರರಾಷ್ಟ್ರೀಯ ಕೆಂಪುಪಟ್ಟಿಯಲ್ಲಿ ಗುಗ್ಗುಳ ಈಗ ತೀವ್ರ ಅಪಾಯದ ಸಾಲಿನಲ್ಲಿದೆ. ಹಿಂದೆ ಸಣ್ಣ ಗಾಯ ಮಾಡಿ, ಬಂದಷ್ಟು ಅಂಟು ಬಿಡಿಸಿಕೊಂಡು, ಗಿಡಕ್ಕೆ ಚೇತರಿಸಿಕೊಳ್ಳಲು ಬಿಡುತ್ತಿದ್ದರು. ಬೇಡಿಕೆ ಏರಿದ ಮೇಲೆ ಹಣ್ಣು ಮಾಗಿಸುವ ಇಥೆಫಾನ್ ದ್ರಾವಣವನ್ನು ಗಾಯಕ್ಕೆ ತುಂಬಿಸುವ ಅಭ್ಯಾಸ ಬಂತು. ಅಂಟು ಹಲವು ಪಟ್ಟು ಸುರಿಯುತ್ತದೆ, ಗಿಡ ಒಣಗಿ ಸಾಯುತ್ತದೆ. ಸತ್ತ ಗಿಡದ ಜಾಗದಲ್ಲಿ ಮರಿ ಏಳುವುದೂ ನಿಧಾನ. ಅದರ ಬೀಜದ ಗುಟ್ಟನ್ನು ಬಿಡಿಸಿದ್ದು ದಿಲ್ಲಿ ವಿಶ್ವವಿದ್ಯಾಲಯದ ಪ್ರಾಚಿ ಗುಪ್ತಾ, ಕೆ. ಆರ್. ಶಿವಣ್ಣ ಮತ್ತು ಎಚ್. ವೈ. ಮೋಹನರಾಮ್. 1996ರ ಅವರ ಲೇಖನದ ಪ್ರಕಾರ ಗುಗ್ಗುಳದಲ್ಲಿ ಪರಾಗ ಬೀಳದೆಯೇ ಬೀಜ ಕಟ್ಟುತ್ತದೆ. ಕಾಡಿನಲ್ಲಿ ಹೆಚ್ಚುಕಡಿಮೆ ಎಲ್ಲವೂ ಹೆಣ್ಣು ಗಿಡಗಳೇ. ಮಗಳು ತಾಯಿಯ ಪಡಿಯಚ್ಚು, ಕೆಲವೊಮ್ಮೆ ಒಂದೇ ಬೀಜದಿಂದ ಎರಡು ಮೂರು ಮೊಳಕೆ. ನಮ್ಮ ಪ್ರಯೋಗಾಲಯಗಳು ನಾಲ್ಕು ಜೀನ್ ಹಾಕಿ ಪಡೆಯಲು ಹೆಣಗುವಂಥದ್ದನ್ನು ಈ ಮುಳ್ಳುಪೊದೆಯ ಕೋಶ ಸದ್ದಿಲ್ಲದೆ ಮಾಡುತ್ತ ಬಂದಿದೆ: ಭ್ರೂಣವಾಗಬೇಕಾದ ಕೋಶವಲ್ಲ, ಆದರೂ ಭ್ರೂಣವಾಗುತ್ತದೆ. ಇದರ ಬೆಲೆಯೂ ಇದೆ. ಎಲ್ಲ ಒಂದೇ ಅಚ್ಚಾದರೆ ಒಂದು ರೋಗಕ್ಕೆ ಎಲ್ಲವೂ ಒಟ್ಟಿಗೆ ಬಾಗುತ್ತವೆ. ಮೋಹನರಾಮ್ ನಮ್ಮ ಹೊಳೆನರಸೀಪುರ ಮೂಲದವರು, ಪ್ರಧಾನಿಗಳ ಮಾಧ್ಯಮ ಸಲಹೆಗಾರರಾಗಿದ್ದ ಎಚ್. ವೈ. ಶಾರದಾಪ್ರಸಾದರ ತಮ್ಮ. ಅಣ್ಣ ಪ್ರಧಾನಿಗಳ ಕಚೇರಿಯಲ್ಲಿ ಮಾತುಗಳನ್ನು ತೂಗುತ್ತಿದ್ದಾಗ ತಮ್ಮ ಇಂಥ ಬೀಜಗಳನ್ನು ಸೀಳಿ ನೋಡುತ್ತಿದ್ದರು.

ಈ ಉಪನ್ಯಾಸಕ್ಕೆಂದು ಮೊನ್ನೆ ಪೇಟೆಯ ಹಳೆಯ ಗ್ರಂಥಿಗೆ ಅಂಗಡಿಗೆ ಹೋಗಿ ಗುಗ್ಗುಳ ಕೊಡಿ ಎಂದೆ. ಅಂಗಡಿಯವರು ತಲೆಯೆತ್ತದೆ, "ಯಾವ್ದ್ರಿ ಸರ, ಪೂಜಿಗೋ ಔಷಧಕ್ಕೋ?" ಎಂದರು. ಎರಡಕ್ಕೂ ಎರಡು ಡಬ್ಬಿ. ಪೂಜೆಯ ಡಬ್ಬಿಯಲ್ಲಿ ಇದ್ದದ್ದು ಹೆಚ್ಚಾಗಿ ಹಾಲುಮಡ್ಡಿ. ಪಶ್ಚಿಮಘಟ್ಟದ ಮಳೆಕಾಡಿನ ಆ ಎತ್ತರದ ಮರದ ಅಂಟಿಗೂ ಕನ್ನಡದಲ್ಲಿ ಗುಗ್ಗುಳಧೂಪ ಎಂದೇ ಹೆಸರು. ಹಾಗಾದರೆ ನನ್ನ ಬಾಲ್ಯದ ಅಂಗಿಗೆ ಹತ್ತಿದ ಹೊಗೆ ಥಾರಿನದೋ, ನಮ್ಮ ಘಟ್ಟದ್ದೋ? ಔಷಧದ ಡಬ್ಬಿಯಲ್ಲಿ ಕಂದು ಬಣ್ಣದ, ಬೆರಳಿಗೆ ಮೆತ್ತಿಕೊಳ್ಳುವ ಉಂಡೆಗಳಿದ್ದವು, ತೊಗಟೆಯ ಚೂರು, ಮರಳಿನ ಕಣ ಸಮೇತ. ಬೆಲೆಯಲ್ಲಿ ಹಲವು ಪಟ್ಟು ವ್ಯತ್ಯಾಸ. ಎರಡನ್ನೂ ನೂರು ನೂರು ಗ್ರಾಂ ಕಟ್ಟಿಸಿಕೊಂಡು ಬಂದಿದ್ದೇನೆ. ಈ ಮೇಜಿನ ಮೇಲೆ ಹೆಸರು ಬರೆಯದ ಎರಡು ಪೊಟ್ಟಣಗಳಿವೆ. ಚಹಾಕ್ಕೆ ಹೋಗುವ ಮುಂಚೆ ಒಂದೊಂದಾಗಿ ಮೂಸಿ ನೋಡಿ, ನಿಮ್ಮ ಮನೆಯ ಮದುವೆಯ ಹೊಗೆ ಯಾವುದೆಂದು ನನಗೆ ಹೇಳಿ.